ಹೋಗುವವರ ಕಲ್ಲು

"ತಾಯಿ, ಹೋಗುವವರು ಹೇಳಿದ್ದನ್ನು ನಾನು ಎಲ್ಲಿ ಇಡಲಿ?" ಎಂದು ಗಿರಿಮಲ್ಲ ಎಂಬ ಶಿಷ್ಯ ಗುರುಮಾತೆಯನ್ನು ಕೇಳಿದ.

ಅವರ ಮಠದ ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಹರೆಯದವರು ತಾವಾಗಿಯೇ ಸೇವೆಗೆ ಬರುತ್ತಿದ್ದರು. ಒಂದು ವರ್ಷ ದುಡಿದು ಊರಿಗೆ ಮರಳುತ್ತಿದ್ದರು. ಮರಳುವ ಮುನ್ನ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಇಲ್ಲಿ ಹೇಗಿತ್ತು, ಏನು ಕಷ್ಟವಾಯಿತು ಎಂದು ಕೇಳುವ ಕೆಲಸವನ್ನು ಗುರುಮಾತೆ ಆ ವರ್ಷ ಗಿರಿಮಲ್ಲನಿಗೆ ಒಪ್ಪಿಸಿದ್ದರು. ಅಂದು ಬೆಳಿಗ್ಗೆ ಹನ್ನೊಂದು ಜನ ಹೋಗಿದ್ದರು. ಮರುದಿನ ಹೊಸಬರು ಬರುವವರಿದ್ದರು.

"ಮನಸ್ಸು ಬಿಚ್ಚಿ ಹೇಳಿದರೇ?" ಎಂದರು ಗುರುಮಾತೆ.

"ಹನ್ನೊಂದು ಜನವೂ ಹೇಳಿದರು. ಅವರಲ್ಲಿ ನಾಲ್ವರು ಹೇಳಿದ್ದು ಒಂದೇ ಮಾತು. ಏನೆಂದು ಮಾತ್ರ ಕೇಳಬೇಡಿ ತಾಯಿ, ನಿಮಗೂ ಹೇಳಲಾರೆ. ನನ್ನನ್ನು ನಂಬಿ ಹೇಳಿದ್ದಾರೆ. ಒಳಗೇ ಇಟ್ಟುಕೊಂಡಿದ್ದೇನೆ. ಆದರೆ ಭಾರವಾಗುತ್ತಿದೆ, ಅದಕ್ಕೇ ಕೇಳಿದೆ." ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

ಆ ಮಾತು ಏನೆಂದು ಗುರುಮಾತೆ ಕೇಳಲಿಲ್ಲ. "ಕೂತುಕೋ" ಎಂದರು. ಅವನು ಕೂತ. ಅವರು ಈ ಕತೆ ಹೇಳಿದರು.

ಎರೆಮಣ್ಣಿನ ಬಯಲಿನಲ್ಲಿ ಒಂದು ಆರೈಕೆಮನೆ ಇತ್ತು. ಬೆಟ್ಟದ ದೇವರಿಗೆ ನಡೆದು ಹೋಗುವವರಲ್ಲಿ ಕೆಲವರು ದಾರಿಯಲ್ಲಿ ಜ್ವರ ಹಿಡಿದು ಬೀಳುತ್ತಿದ್ದರು. ಅಂಥವರನ್ನು ಎತ್ತಿ ತಂದು ಅಲ್ಲಿ ಮಲಗಿಸುತ್ತಿದ್ದರು. ನಡೆಯುವಂತಾದ ಮೇಲೆ ಕಳಿಸುತ್ತಿದ್ದರು. ಅಲ್ಲಿ ಸಂಬಳಕ್ಕೆ ದುಡಿಯುವವರು ಇರಲಿಲ್ಲ. ಪ್ರತಿ ಯುಗಾದಿಯಂದು ಎಂಟೋ ಹತ್ತೋ ಜನ ಹರೆಯದವರು ತಾವಾಗಿ ಸೇವೆಗೆ ಬರುತ್ತಿದ್ದರು. ಮುಂದಿನ ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆಯಂದು, ಹೊರಡುತ್ತಿದ್ದರು. ಹೀಗಾಗಿ ಬರುವವರು ಹೋಗುವವರ ಮುಖ ನೋಡುತ್ತಿರಲಿಲ್ಲ.

ಆ ಮನೆಗೆ ಎರಡು ಕಟ್ಟಳೆಗಳಿದ್ದವು. ಸೇವೆಯ ವರ್ಷ ಮುಗಿಯುವ ತನಕ ಯಾರೂ ದೂರು ಹೇಳಬಾರದು, ಏನಿದ್ದರೂ ಹೋಗುವ ದಿನಕ್ಕೆ ಇಟ್ಟುಕೊಳ್ಳಬೇಕು. ಇದು ಒಂದು. ಹೋಗುವ ದಿನ ಹೇಳಿದ ಮಾತು ತಿರುಗಿ ಮನೆಯೊಳಗೆ ಬರಬಾರದು. ಇದು ಇನ್ನೊಂದು. ಕಟ್ಟಳೆ ಮಾಡಿದ ಹಿರಿಯರ ಮನಸ್ಸಿನಲ್ಲಿ ಕೇಡು ಇರಲಿಲ್ಲ. ಸೇವೆ ಎಂಬುದು ಗೊಣಗಾಟವಾಗದಿರಲಿ, ಹೋಗುವವರು ಯಾರ ಅಂಜಿಕೆಯೂ ಇಲ್ಲದೆ ಮಾತಾಡಲಿ ಎಂದು ಹಾಗೆ ಮಾಡಿದ್ದರು.

ಬಾಗಿಲಾಚೆ ಒಂದು ಚಪ್ಪಡಿ ಕಲ್ಲು ಇತ್ತು. ಹೋಗುವವರು ಅದರ ಮೇಲೆ, ಮನೆಗೆ ಬೆನ್ನು ಮಾಡಿ ದಾರಿಗೆ ಮುಖ ಮಾಡಿ ಕೂರಬೇಕು. ಕೇಳುವವರು ಹಿಂದೆ ಕಟ್ಟೆಯ ಮೇಲೆ ಕೂರಬೇಕು. ಪ್ರಶ್ನೆ ಮೂರೇ. ಯಾತಕ್ಕೆ ಬಂದೆ? ಏನು ಸಿಕ್ಕಿತು? ಯಾವುದು ಭಾರವಾಯಿತು? ಮೂರಕ್ಕೂ ಉತ್ತರ ಬಂದ ಮೇಲೆ ಕೇಳುವವರು "ಕೇಳಿದೆ, ಇಳಿಸಿ ಹೋಗು" ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಕೂತವರು ಏಳಬೇಕು. ಎದ್ದ ಮೇಲೆ ತಿರುಗಿ ನೋಡಬಾರದು.

ಕೇಳುವವಳು ಒಬ್ಬ ಹೆಂಗಸು. ಅವಳೂ ಹರೆಯದಲ್ಲಿ ಸೇವೆಗೆಂದು ಬಂದವಳು. ಹೋಗಲು ಅವಳಿಗೆ ಮನೆ ಇರಲಿಲ್ಲ, ಅಲ್ಲೇ ಉಳಿದಳು. ಎಂಟು ವರ್ಷ ನೀರು ಹೊತ್ತಳು. ಗೋಡೆಯ ಮೇಲೆ ಬರೆದಿದ್ದ ಕಟ್ಟಳೆಗಳನ್ನು ದಿನವೂ ದಿಟ್ಟಿಸಿ, ಅವರಿವರನ್ನು ಕೇಳಿ, ತಾನೇ ಅಕ್ಷರ ಕಲಿತಳು. ಒಂದು ದಿನ ಮನೆಯ ಹಿರಿಯರು ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ಅಂದಿನಿಂದ ಎಲ್ಲರೂ ಅವಳನ್ನು ಅವ್ವ ಎಂದರು. ಇಪ್ಪತ್ತೆರಡು ವರ್ಷ ಕೇಳಿದಳು. ಕೇಳಿದ್ದರಲ್ಲಿ ಒಂದು ಮಾತೂ ಅವಳ ಬಾಯಿಂದ ಹೊರಗೆ ಬರಲಿಲ್ಲ. "ಆ ಚಪ್ಪಡಿಗಾದರೂ ಬಾಯಿ ಬಂದೀತು, ಅವ್ವನಿಗೆ ಬಾರದು" ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳ ಮೈಮೇಲೆ ಒಡವೆ ಇರಲಿಲ್ಲ. ಆ ಮಾತೇ ಅವಳ ಒಡವೆ.

ಒಂದು ಅಮಾವಾಸ್ಯೆ, ನೇಕಾರರ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಕೂತಳು. ಯಾವುದು ಭಾರವಾಯಿತು ಎಂದು ಅವ್ವ ಕೇಳಿದಳು.

"ಬಾವಿಯ ಮೆಟ್ಟಿಲು ಅವ್ವಾ. ಮೇಲಿನಿಂದ ಏಳನೆಯದು. ಅಲ್ಲಾಡುತ್ತದೆ."

ಆ ಮನೆಯ ಬಾವಿ ಆಳದ್ದು. ಅದಕ್ಕೆ ನಲವತ್ತು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಗೋಡೆಯಿಂದ ಹೊರಚಾಚಿದ ಒಂಟಿ ಕಲ್ಲು. ಪಕ್ಕದಲ್ಲಿ ಹಿಡಿಯಲು ಏನೂ ಇಲ್ಲ. ಕೆಳಗೆ ನೀರು.

"ಬಿದ್ದೆಯಾ?"

"ಇಲ್ಲ. ಎರಡು ಸಲ ಕೊಡ ಬಿತ್ತು. ಆಮೇಲೆ ಅದನ್ನು ಬಿಟ್ಟು ಎಂಟನೆಯದಕ್ಕೆ ಕಾಲಿಡಲು ಕಲಿತೆ."

"ಕೇಳಿದೆ. ಇಳಿಸಿ ಹೋಗು."

ಹುಡುಗಿ ಎದ್ದಳು. ಹೊತ್ತ ಹೊರೆ ಇಳಿದವಳ ಹಾಗೆ ಭುಜ ಸಡಿಲ ಬಿಟ್ಟು ನಡೆದಳು. ಅದನ್ನು ನೋಡಿ ಅವ್ವನಿಗೆ ಸಂತೋಷವಾಯಿತು. ತನ್ನ ಕಾಲದಲ್ಲಿ ಆ ಮೆಟ್ಟಿಲು ಗಟ್ಟಿಯಾಗಿತ್ತು ಎಂದು ನೆನೆದಳು. ಈಗ ಅವಳಿಗೆ ಮೊಣಕಾಲು ನೋವು. ಬಾವಿಗೆ ಇಳಿಯುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ನೀರು ಅವಳಿದ್ದಲ್ಲಿಗೇ ಬರುತ್ತಿತ್ತು.

ಮರುವರ್ಷ ಕುಂಬಾರರ ಹುಡುಗನೊಬ್ಬ ಕೂತ. ನಗೆಗಾರ. "ಏಳನೆಯ ಮೆಟ್ಟಿಲಿಗೆ ನನ್ನ ಮೇಲೆ ಬಹಳ ಪ್ರೀತಿ ಅವ್ವಾ. ಕಾಲಿಟ್ಟರೆ ಸಾಕು, ತೊಟ್ಟಿಲು ತೂಗುತ್ತದೆ. ಲಾಲಿ ಹಾಡುವುದೊಂದು ಬಾಕಿ" ಎಂದ. ಅವ್ವನಿಗೂ ನಗು ಬಂತು. ನಗುತ್ತಲೇ "ಕೇಳಿದೆ, ಇಳಿಸಿ ಹೋಗು" ಎಂದಳು.

ಅದರ ಮರುವರ್ಷ ಇಬ್ಬರು ಹೇಳಿದರು. ಅದರ ಮರುವರ್ಷ ಒಬ್ಬಳು. ಆಕೆ ಹೇಳುವಾಗ ಮೊಣಕೈ ಸವರಿಕೊಂಡಳು. ಐದು ಜನಕ್ಕೂ ಅವ್ವ ಅದೇ ಮಾತು ಹೇಳಿದಳು. ಐದು ಜನವೂ ಹಗುರಾಗಿ ಹೋದರು.

ಬೇಸಿಗೆಯಲ್ಲಿ ಗೋಡೆ ನೋಡಲು ಒಬ್ಬ ಕಲ್ಲುಕುಟಿಗ ಬರುತ್ತಿದ್ದ. ಐದನೆಯವಳು ಹೋದ ವರ್ಷವೂ ಬಂದ. ಗೋಡೆಗಳನ್ನು ತಟ್ಟಿ ನೋಡಿ, ಕಟ್ಟೆಯ ಹತ್ತಿರ ಬಂದು ನಿಂತ.

"ಅವ್ವಾ, ನಿಮಗೆ ಎಲ್ಲರೂ ಎಲ್ಲ ಹೇಳುತ್ತಾರೆ. ಎಲ್ಲಿಯಾದರೂ ಕಲ್ಲು ಸಡಿಲಾಗಿದೆಯೇ? ಸಾಮಾನು ಹೇಗೂ ತಂದಿದ್ದೇನೆ."

ಅವ್ವನ ನಾಲಿಗೆಯ ತುದಿಗೆ ಮಾತು ಬಂತು. ಆಗ ಚಪ್ಪಡಿ ಅವಳ ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷ ನೆನಪಾಯಿತು. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಕಲ್ಲುಕುಟಿಗ ಸ್ವಲ್ಪ ಹೊತ್ತು ನೋಡಿದ. "ನಿಮ್ಮ ಬಾಯಿಗೆ ಗಾರೆ ಹಾಕಿದವನು ಯಾರು ಅವ್ವಾ? ಒಳ್ಳೆಯ ಕೆಲಸಗಾರ. ಒಂದು ಬಿರುಕೂ ಇಲ್ಲ" ಎಂದ. ಸಾಮಾನು ಹೊತ್ತು ಹೊರಟು ಹೋದ. ಅವನು ಹೊಗಳಿದ ಎಂದುಕೊಂಡಳು ಅವ್ವ.

ಆ ವರ್ಷದ ಯುಗಾದಿಗೆ ಒಂಬತ್ತು ಜನ ಬಂದಿದ್ದರು. ಅವರಲ್ಲಿ ಗಾಣಿಗರ ಹುಡುಗಿಯೊಬ್ಬಳು ಇದ್ದಳು. ಗಂಟು ಇಳಿಸುವ ಮೊದಲೇ ಅವಳು ಕಟ್ಟೆಯ ಹತ್ತಿರ ಬಂದಿದ್ದಳು.

"ಅವ್ವಾ, ಇಲ್ಲಿ ನಾನು ಯಾವುದಕ್ಕೆ ಹುಷಾರಾಗಿರಬೇಕು?"

ಬಂದವರು ಯಾರೂ ಅಂದಿನವರೆಗೆ ಹಾಗೆ ಕೇಳಿರಲಿಲ್ಲ. ಸುತ್ತ ಇದ್ದವರು ಅವ್ವ ಏನನ್ನುತ್ತಾಳೆಂದು ನೋಡಿದರು.

"ಹೋಗುವ ದಿನ ನಾನು ಕೇಳಬೇಕು. ಬಂದ ದಿನ ನೀನು ಕೇಳುವುದಲ್ಲ" ಎಂದಳು ಅವ್ವ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಆ ಹುಡುಗಿಯ ತಂದೆ ತಿಂಗಳಿಗೊಮ್ಮೆ ಬಂದು ಅವಳ ತಲೆಗೆಂದು ಹರಳೆಣ್ಣೆ ಕೊಟ್ಟು ಹೋಗುತ್ತಿದ್ದ. ಅವಳು ತಾನು ಹಚ್ಚಿಕೊಂಡು, ಉಳಿದದ್ದನ್ನು ಅವ್ವನ ತಲೆಗೆ ಹಚ್ಚಿ ಬಾಚುತ್ತಿದ್ದಳು. ಬೇಡವೆಂದರೂ ಬಿಡುತ್ತಿರಲಿಲ್ಲ. "ಎಲ್ಲರ ಮಾತೂ ಈ ತಲೆಯೊಳಗೇ ಇದೆಯಂತಲ್ಲ ಅವ್ವಾ, ತಂಪಾಗಿರಲಿ" ಎನ್ನುತ್ತಿದ್ದಳು. ಅವ್ವನ ತಲೆ ಮುಟ್ಟಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಮಾಘಮಾಸದ ಒಂದು ಮುಂಜಾನೆ ಹುಡುಗಿ ನೀರಿಗೆ ಹೋದಳು. ರೋಗಿಗಳಿಗೆ ಕಾಯಿಸುವ ನೀರಿಗೆ ಹೊತ್ತಾಯಿತೆಂದು ಇನ್ನೊಬ್ಬಳು ಹೋಗಿ ಇಣುಕಿದಳು. ನೀರಿನ ಮೇಲೆ ಕೊಡ ತೇಲುತ್ತಿತ್ತು. ಮೇಲಿನಿಂದ ಏಳನೆಯ ಮೆಟ್ಟಿಲು ಇದ್ದ ಜಾಗದಲ್ಲಿ ಬರಿಯ ಗೂಡು ಕಾಣುತ್ತಿತ್ತು.

ಹುಡುಗಿಯನ್ನು ಮೇಲೆ ತಂದು ಮಲಗಿಸಿದರು. ಮನೆಯವರೆಲ್ಲ ಅತ್ತರು. "ಯಾರಿಗೆ ಗೊತ್ತಿತ್ತು?" ಎಂದರು ಹಿರಿಯರು. "ಯಾರಿಗೆ ಗೊತ್ತಿತ್ತು?" ಎಂದರು ಸೇವೆಯವರು. ಉಳಿದ ಎಂಟು ಜನರಲ್ಲಿ ಆ ಮೆಟ್ಟಿಲನ್ನು ದಾಟಿ ಕಾಲಿಡಲು ಕಲಿತವರು ಇದ್ದರು. ಹೋಗುವ ದಿನ ಹೇಳೋಣವೆಂದು ಇಟ್ಟುಕೊಂಡವರು ಇದ್ದರು. ಅವರೂ ಅಂದರು. ಅವ್ವನೂ ಅಂದಳು, "ಯಾರಿಗೆ ಗೊತ್ತಿತ್ತು?"

ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ತಂದೆ ಬಂದ. ಕೈಯಲ್ಲಿ ಎಣ್ಣೆಯ ಗಿಂಡಿ ಹಾಗೇ ಇತ್ತು. ಅಂದು ಅವನು ಎಣ್ಣೆ ತರುವ ದಿನ. ಸುದ್ದಿ ಅವನಿಗೆ ದಾರಿಯಲ್ಲಿ ಸಿಕ್ಕಿತ್ತು.

"ಅವಳು ಏನಾದರೂ ಹೇಳಿದ್ದಳೇ ಅವ್ವಾ?"

"ಅವಳಿಗೆ ಹೋಗುವ ದಿನ ಬಂದಿರಲಿಲ್ಲವಲ್ಲ ಅಪ್ಪಾ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ತಂದೆ ಗಿಂಡಿಯನ್ನು ಕಟ್ಟೆಯ ಮೇಲಿಟ್ಟು ಮಗಳ ಹತ್ತಿರ ಹೋದ. ತಿರುಗಿ ಬಂದು ಅದನ್ನು ಒಯ್ಯಲಿಲ್ಲ.

ಕಲ್ಲುಕುಟಿಗನನ್ನು ಕರೆಸಿದರು. ಅವನು ಹೊಸ ಕಲ್ಲು ಕೂರಿಸಿ, ಸುತ್ತ ಗಾರೆ ತುಂಬಿ, ತಾನೇ ಅದರ ಮೇಲೆ ನಿಂತು ಕುಣಿದು ನೋಡಿದ. ಹೋಗುವಾಗ ಅವ್ವನ ಕಡೆ ನೋಡಲಿಲ್ಲ.

ಫಾಲ್ಗುಣ ಮುಗಿಯಿತು. ಅಮಾವಾಸ್ಯೆ ಬಂತು. ಉಳಿದಿದ್ದ ಎಂಟು ಜನ ಒಬ್ಬೊಬ್ಬರಾಗಿ ಕಲ್ಲಿನ ಮೇಲೆ ಕೂತರು, ಹೇಳಿದರು, ಎದ್ದರು, ಹೋದರು. ಎಂಟನೆಯವನು ದಾರಿಯ ತಿರುವಿನಲ್ಲಿ ಮರೆಯಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಅವ್ವ ಕಟ್ಟೆಗೆ ಕೈಯೂರಿ ಏಳಹೊರಟಳು.

ಕಲ್ಲಿನ ಮೇಲೆ ಯಾರೋ ಕೂತಿದ್ದರು.

ಮನೆಗೆ ಬೆನ್ನು, ದಾರಿಗೆ ಮುಖ. ಬಿಚ್ಚಿದ ತಲೆಗೂದಲಿಂದ ನೀರು ಇಳಿಯುತ್ತಿತ್ತು. ಕಲ್ಲು ಒದ್ದೆಯಾಗುತ್ತಿತ್ತು. ಹರಳೆಣ್ಣೆಯ ವಾಸನೆ ಬಂತು.

ಅವ್ವ ಮತ್ತೆ ಕೂತಳು. ಅವಳ ಬಾಯಿ ಇಪ್ಪತ್ತೆರಡು ವರ್ಷದ ರೂಢಿಯ ಬಾಯಿ. ಅದು ತಾನಾಗಿ ಕೇಳಿತು.

"ಯಾತಕ್ಕೆ ಬಂದೆ?"

"ಸೇವೆಗೆ."

"ಏನು ಸಿಕ್ಕಿತು?"

"ಬಾಚಲು ಒಂದು ತಲೆ ಸಿಕ್ಕಿತು."

ಮೂರನೆಯ ಪ್ರಶ್ನೆ ಕೇಳಬಾರದೆಂದು ಅವ್ವ ಹಲ್ಲು ಕಚ್ಚಿದಳು. ಬಾಯಿ ಅದನ್ನೂ ಕೇಳಿತು.

"ಯಾವುದು ಭಾರವಾಯಿತು?"

"ಬಾವಿಯ ಮೆಟ್ಟಿಲು ಅವ್ವಾ. ಮೇಲಿನಿಂದ ಏಳನೆಯದು. ಅಲ್ಲಾಡುತ್ತದೆ." ಅದು ಗಾಣಿಗರ ಹುಡುಗಿಯ ದನಿಯಲ್ಲ. ಎಂದೋ ಹೋದ ನೇಕಾರರ ಹುಡುಗಿಯ ದನಿ. ಅದು ಮುಗಿಯುತ್ತಲೇ ಅದೇ ಬೆನ್ನಿನ ಆಚೆಯಿಂದ ಕುಂಬಾರರ ಹುಡುಗ ನಕ್ಕ. "ಕಾಲಿಟ್ಟರೆ ಸಾಕು, ತೊಟ್ಟಿಲು ತೂಗುತ್ತದೆ" ಎಂದ. ಆಮೇಲೆ ಉಳಿದ ಮೂವರು. ಐವರೂ ತಾವು ಹೇಳಿದ್ದನ್ನೇ, ಹೇಳಿದ ಹಾಗೆಯೇ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದರು. ಅವ್ವ ಆ ಮಾತುಗಳನ್ನು ಅಷ್ಟು ಚೆನ್ನಾಗಿ ಕಾಪಾಡಿದ್ದಳು.

ಕೂತಿದ್ದವಳು ಕಾಯುತ್ತಿದ್ದಳು. ಏಳಬೇಕಾದರೆ ಅವಳಿಗೆ ಒಂದು ಮಾತು ಬೇಕು.

"ಕೇಳಿದೆ" ಎಂದಳು ಅವ್ವ. "ಇಳಿಸಿ ಹೋಗು ಮಗಳೇ."

ಹುಡುಗಿ ಏಳಲಿಲ್ಲ. ಈಗ ಅವಳದೇ ದನಿ ಬಂತು.

"ಎಲ್ಲಿ ಇಳಿಸಲಿ ಅವ್ವಾ? ಅವರು ನಿಮ್ಮಲ್ಲಿ ಇಳಿಸಿದ್ದು ನಿಮ್ಮಲ್ಲಿ ನಿಲ್ಲಲಿಲ್ಲ. ನನ್ನ ಮೇಲೆ ಬಿತ್ತು."

ಅಷ್ಟೇ ಹೇಳಿದಳು. ಕೂತೇ ಇದ್ದಳು. ಸೂರ್ಯ ಇಳಿದ. ದಾರಿಹೋಕರು ಬಂದರು, ಹೋದರು. ಅವರಿಗೆ ಕಂಡದ್ದು ಒದ್ದೆಯಾದ ಖಾಲಿ ಕಲ್ಲು, ಅದರ ಹಿಂದೆ ಕೂತ ಮುದುಕಿ. ಮನೆಯವರು ಊಟಕ್ಕೆ ಕರೆದರು. ಅವ್ವ ಏಳಲಿಲ್ಲ. ಕೂತವರು ಇರುವಾಗ ಕೇಳುವವರು ಏಳುವಂತಿಲ್ಲ.

ಮರುದಿನ ಯುಗಾದಿ. ಬೆಳಿಗ್ಗೆ ಹತ್ತು ಜನ ಹೊಸಬರು ಬಂದರು. ಅವರಲ್ಲೊಬ್ಬಳು ಗಂಟು ಇಡಲೆಂದು ಕಲ್ಲಿನ ಹತ್ತಿರ ಹೋಗಿ, "ಇದೇಕೆ ಇಷ್ಟು ಒದ್ದೆ?" ಎಂದು ಕೇಳಿ, ಗಂಟನ್ನು ಬೇರೆ ಕಡೆ ಇಟ್ಟಳು. ಯಾವುದಕ್ಕೆ ಹುಷಾರಾಗಿರಬೇಕೆಂದು ಈ ಸಲ ಯಾರೂ ಕೇಳಲಿಲ್ಲ. ಹತ್ತು ಜನವೂ ಕೊಡ ಎತ್ತಿಕೊಂಡರು.

ಆಗ, ಕಲ್ಲಿನ ಮೇಲಿದ್ದವಳು ಇನ್ನೂ ಕೂತಿರುವಾಗಲೇ, ಅವ್ವ ಎದ್ದಳು. ಅವರ ಹಿಂದೆಯೇ ಬಾವಿಗೆ ಹೋದಳು. ಅವರು ಒಬ್ಬರ ಹಿಂದೆ ಒಬ್ಬರು ಇಳಿದರು. ಏಳನೆಯ ಮೆಟ್ಟಿಲ ಮೇಲೆ ಹತ್ತು ಜನರ ಕಾಲು ಬಿತ್ತು. ಅದು ಮಿಸುಕಲಿಲ್ಲ. ಗೋಡೆಗೆ ಕೈ ಊರಿ, ನೋಯುವ ಮೊಣಕಾಲನ್ನು ಎಳೆದುಕೊಂಡು, ಅವ್ವನೂ ಇಳಿದಳು. ಆರನೆಯದು ಗಟ್ಟಿ. ಏಳನೆಯದರ ಮೇಲೆ ಪಾದ ಇಟ್ಟಳು.

ಅದು ಅವಳ ಕಾಲ ಕೆಳಗೆ ತೊಟ್ಟಿಲ ಹಾಗೆ ತೂಗಿತು.

ಅವ್ವ ಗೋಡೆಗೆ ಅಂಟಿಕೊಂಡು ನಿಂತಳು. ಕೆಳಗಿನಿಂದ ತುಂಬಿದ ಕೊಡ ಹೊತ್ತು ಬಂದವಳೊಬ್ಬಳು, "ಯಾಕಜ್ಜಿ? ಮೆಟ್ಟಿಲು ಗಟ್ಟಿ ಇದೆ, ಹೆದರಬೇಡಿ" ಎಂದು ಕೈ ಕೊಟ್ಟಳು. ಆ ಹುಡುಗಿ ಕಾಲಿಟ್ಟಾಗ ಅದು ಅಲ್ಲಾಡಲಿಲ್ಲ.

ಮೇಲೆ ಬಂದ ಅವ್ವ ಬಾವಿಕಟ್ಟೆಯ ಮೇಲೆಯೇ ಕೂತಳು. "ಕೊಡ ಇಳಿಸಿ. ಎಲ್ಲರೂ ಇಲ್ಲಿ ಬನ್ನಿ" ಎಂದಳು. ಹೊಸಬರು ಬಂದರು. ಅವಳ ದನಿ ಕೇಳಿ ಮನೆಯವರೂ ಬಂದರು.

"ಪಡಸಾಲೆಯ ಮೂರನೆಯ ತೊಲೆಗೆ ಗೆದ್ದಲು ಹಿಡಿದಿದೆ. ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ. ಇದನ್ನು ನನಗೆ ಮೂವರು ಹೇಳಿದ್ದಾರೆ" ಎಂದಳು ಅವ್ವ.

ಹಿರಿಯರು ಮುಂದೆ ಬಂದರು. "ಏನಿದು ತಾಯಿ? ಕಲ್ಲಿನ ಮೇಲೆ ಆಡಿದ ಮಾತು!"

"ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಹಾವಿನ ಬಿಲ ಇದೆ. ಕೋಲು ಬಡಿದು ಆಮೇಲೆ ಕೈ ಹಾಕಿ. ಇಬ್ಬರು ಹೇಳಿದ್ದಾರೆ. ದೊಡ್ಡ ಹಂಡೆಯ ಕಲಾಯಿ ಹೋಗಿದೆ. ಅದರಲ್ಲಿ ಮಾಡಿದ ಹುಳಿ ತಿಂದು ರೋಗಿಗಳು ವಾಂತಿ ಮಾಡುತ್ತಾರೆ, ಜ್ವರದಿಂದಲ್ಲ. ನಾಲ್ವರು ಹೇಳಿದ್ದಾರೆ."

"ನಿಲ್ಲಿಸು ತಾಯಿ. ಇಪ್ಪತ್ತೆರಡು ವರ್ಷ ಕಟ್ಟಿದ ಮಾನವನ್ನು ಒಂದು ಬೆಳಿಗ್ಗೆ ಒಡೆಯಬೇಡ."

"ಮೊದಲೇ ಒಡೆಯಬೇಕಿತ್ತು ಅಪ್ಪಾ" ಎಂದು ಅವ್ವ ಮುಂದುವರಿದಳು. "ದವಸದ ಕೋಣೆಯ ಕೀಲಿ ಇಟ್ಟುಕೊಂಡವನು ಹುಡುಗಿಯರನ್ನು ಒಬ್ಬೊಬ್ಬರೇ ಬರಹೇಳುತ್ತಾನೆ. ಯಾರೂ ಒಬ್ಬರೇ ಹೋಗಬೇಡಿ. ಏಳು ಜನ ಹೇಳಿದ್ದಾರೆ."

ಗುಂಪಿನ ಹಿಂದೆ ಕೀಲಿಗಳ ಸದ್ದಾಯಿತು. ಒಬ್ಬನು ಅಲ್ಲಿಂದ ಸರಿದು ಹೋದ. ಹಿರಿಯರು ಅವನು ಹೋದ ದಿಕ್ಕನ್ನು ನೋಡಿದರು. ಆಮೇಲೆ ಅವರು ಅವ್ವನನ್ನು ತಡೆಯಲಿಲ್ಲ.

ಯಾರು ಹೇಳಿದರೆಂದು ಅವಳು ಒಂದು ಹೆಸರನ್ನೂ ಹೇಳಲಿಲ್ಲ. ಏನು ಹೇಳಿದರೋ ಅದನ್ನು ಮಾತ್ರ ಹೇಳಿದಳು. ಎಷ್ಟು ಜನ ಹೇಳಿದರೆಂದು ಹೇಳಿದಳು. ಯುಗಾದಿಯ ಬೇವು ಬೆಲ್ಲ ಹಾಗೇ ಉಳಿಯಿತು. ಇಪ್ಪತ್ತೆರಡು ವರ್ಷದ್ದು ಮುಗಿಯಲು ಸಂಜೆಯಾಯಿತು. ಕೊನೆಗೆ ಅವಳ ದನಿ ಹೊರಡಲಿಲ್ಲ. ಆಗ ತುಟಿ ಅಲ್ಲಾಡಿಸಿದಳು. ಮುಂದೆ ಕೂತವಳು ಅದನ್ನು ಓದಿ ಉಳಿದವರಿಗೆ ಹೇಳಿದಳು. ಕಟ್ಟಕಡೆಯ ಮಾತು ಇದು: ಬಾವಿಯ ಏಳನೆಯ ಮೆಟ್ಟಿಲು ಅಲ್ಲಾಡುತ್ತದೆಂದು ಐವರು ನನಗೆ ಹೇಳಿದ್ದರು, ಆರನೆಯವಳು ಬಂದ ದಿನವೇ ನನ್ನನ್ನು ಕೇಳಿದ್ದಳು.

ಅವ್ವ ಎದ್ದು ಬಾಗಿಲಿಗೆ ನಡೆದಳು. ಚಪ್ಪಡಿಯ ಮೇಲೆ ಯಾರೂ ಇರಲಿಲ್ಲ. ಅವಳು ಅದನ್ನು ಅಂಗೈಯಿಂದ ಸವರಿದಳು. ಕಲ್ಲು ಒಣಗಿತ್ತು. ಹಗಲೆಲ್ಲ ಬಿಸಿಲು ಕುಡಿದ ಕಲ್ಲಿನಂತೆ ಬೆಚ್ಚಗಿತ್ತು.

ಮರುದಿನ ಹಿರಿಯರು ಅವಳನ್ನು ಕಟ್ಟೆಯಿಂದ ಇಳಿಸಿದರು. ಕಟ್ಟಳೆ ಮುರಿದವಳನ್ನು ಅಲ್ಲಿ ಕೂರಿಸುವಂತಿರಲಿಲ್ಲ. ಆದರೆ ಅವಳು ಮುರಿದ ಕಟ್ಟಳೆಯನ್ನು ಮತ್ತೆ ಕಟ್ಟಲು ಅವರಿಗೂ ಆಗಲಿಲ್ಲ. ಮೂರನೆಯ ತೊಲೆಯನ್ನು ಇಳಿಸಿ ನೋಡಿದಾಗ ಅದರ ಒಳಗೆ ಬರಿಯ ಮಣ್ಣಿತ್ತು. ಅಂದಿನಿಂದ ಹೋಗುವವರು ಮೊದಲು ಕಲ್ಲಿನ ಮೇಲೆ ಒಬ್ಬರೇ ಕೂತು ಹೇಳುತ್ತಾರೆ. ಆಮೇಲೆ, ಹೊಸಬರು ಬರುವ ತನಕ ಒಂದು ದಿನ ಉಳಿದು, ಅವರ ಕೈ ಹಿಡಿದು ಮನೆ ತೋರಿಸಿ ಹೋಗುತ್ತಾರೆ.

ಅವ್ವ ಮತ್ತೆ ಕೊಡ ಎತ್ತಿಕೊಂಡಳು. ಬೇಡವೆಂದವರ ಮಾತು ಕೇಳಲಿಲ್ಲ. ದಿನಕ್ಕೆ ಒಂದು ಕೊಡ ತಂದಳು. ಇಳಿಯುವಾಗ ಒಂದು ಸಲ, ಹತ್ತುವಾಗ ಒಂದು ಸಲ ಏಳನೆಯ ಮೆಟ್ಟಿಲು ಅವಳ ಕಾಲ ಕೆಳಗೆ ತೂಗುತ್ತಿತ್ತು. ಬೇರೆ ಯಾರ ಕಾಲಿಗೂ ಅದು ತೂಗಲಿಲ್ಲ. ಅದನ್ನು ದಾಟಿ ಎಂಟನೆಯದಕ್ಕೆ ಕಾಲಿಡಬಹುದಿತ್ತು. ಅವಳು ಬದುಕಿರುವ ತನಕ ಒಂದು ದಿನವೂ ದಾಟಲಿಲ್ಲ.

ಗುರುಮಾತೆ ಕತೆ ನಿಲ್ಲಿಸಿದರು. ಗಿರಿಮಲ್ಲನ ಬೆನ್ನು ಈಗ ಬಾಗಿತ್ತು.

"ತಾಯಿ, ಕಲ್ಲಿನ ಮೇಲೆ ಕೂತಿದ್ದ ಆ ಹುಡುಗಿ ಇಳಿಸಿ ಹೋದಳೇ?" ಎಂದ.

ಗುರುಮಾತೆ ಅವನ ಮುಖವನ್ನೇ ನೋಡುತ್ತ ಹೇಳಿದರು:

"ಹೊಸಬರು ಬರಲು ಇನ್ನು ಒಂದೇ ದಿನ ಇದೆ ಗಿರಿಮಲ್ಲ, ನಿನಗೆ ನಾಲ್ವರು ಹೇಳಿದ ಮೆಟ್ಟಿಲು ಯಾವುದು?"